ಹರಿಹರದ ಚಿತ್ರದಲ್ಲೊಂದು ಚುಕ್ಕಿ

ಹೋದ ಭಾನುವಾರ ದಾವಣಗೆರೆಯಲ್ಲಿ ಬೆಣ್ಣೆದೋಸೆ ಮುಗಿಸಿ, ಹೊಸ ಮಿರರ್‌ಲೆಸ್ ಕ್ಯಾಮೆರಾ ಹೆಗಲಿಗೇರಿಸಿ ಹರಿಹರಕ್ಕೆ ಹೋದೆ. ಹೊಯ್ಸಳರ ಪೋಲಾಳ್ವ ದಂಡನಾಥ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನವನ್ನು 1857ರ ಸುಮಾರಿಗೆ ಡಾ. ವಿಲಿಯಂ ಪಿಗೂ ಎಂಬ ಬ್ರಿಟಿಷ್ ವೈದ್ಯ ಫೋಟೋ ತೆಗೆದಿದ್ದ. ಅಂಥದ್ದೇ ಒಂದು ಫೋಟೋ ನಾನೂ ತೆಗೆಯಬೇಕೆಂಬ ಆಸೆ.

ಗಾಳಿಯಲ್ಲಿ ನಿಂತೇ ಲೆನ್ಸ್ ಬದಲಾಯಿಸಿದೆ. ಮನೆಗೆ ಬಂದು ನೋಡಿದರೆ ಎಫ್/16ರಲ್ಲಿ ತೆಗೆದ ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕಿ! ಈ ಕ್ಯಾಮೆರಾಗಳಲ್ಲಿ ಅಡ್ಡಕ್ಕೆ ಕನ್ನಡಿ ಇಲ್ಲ; ಲೆನ್ಸ್ ಬಿಚ್ಚಿದರೆ ಸೆನ್ಸರ್ ಎದುರಿಗೇ ಕಾಣುತ್ತೆ. ಪಿಗೂಗೆ ಚಿತ್ರಕ್ಕೊಂದು ನೆಗೆಟಿವ್, ಧೂಳು ಕೂತರೆ ಒಂದೇ ಹಾಳು. ನನಗೆ ಇಡೀ ದಿನದ್ದು.

ಕ್ಯಾಮೆರಾ ಆಫ್ ಮಾಡಿ, ಮುಖ ಕೆಳಗೆ ಹಿಡಿದು, ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿದೆ, ಧೂಳು ಹೋಯಿತು. (ಬಾಯಿಂದ ಮಾತ್ರ ಊದಬೇಡಿ, ಎಂಜಲು ಹಾರುತ್ತೆ.) ಆದರೆ ತೆಗೆದಾಗಿದ್ದ ಚಿತ್ರಗಳು?

ಆಕಾಶದ ಚುಕ್ಕಿಗಳನ್ನು ಸಾಫ್ಟ್‌ವೇರಿನಲ್ಲಿ ಅಳಿಸಿದೆ. ಒಂದರಲ್ಲಿ ಮಾತ್ರ ಅದು ಕಂಬದ ಮೇಲೆ ಕೂತಿತ್ತು. ಪಕ್ಕದ ಕಲ್ಲನ್ನೇ ನಕಲು ಮಾಡಿ ಮುಚ್ಚಲು ಕೈ ಬರಲಿಲ್ಲ. ನೂರು ವರ್ಷದ ಮೇಲೆ ಯಾರಾದರೂ ಇದನ್ನು ಪಿಗೂನ ಚಿತ್ರದ ಪಕ್ಕ ಇಟ್ಟು ನೋಡಿದರೆ, ಪೋಲಾಳ್ವ ಕೆತ್ತಿಸದ ಕಲ್ಲನ್ನು ನಾನು ಕೆತ್ತಿದಂತಾಗುತ್ತೆ, ಅಲ್ವಾ?

ಚುಕ್ಕಿ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.