ಪತಿಯನ್ನು ಕಳೆದುಕೊಂಡವಳ ಜೀವನಾಧಾರ: ನೆತ್ತರುಗೊಡಗೆಯಿಂದ ವಿಧವಾ ವೇತನದವರೆಗೆ

ಹಾನಗಲ್ಲು ತಾಲ್ಲೂಕಿನ ಆಡೂರಿನಲ್ಲಿ ದೊರೆತ, ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದ ಶಾಸನವು ಜಿನಾಲಯಕ್ಕೆ ಬಿಟ್ಟ ಭೂಮಿಯನ್ನು ಹೇಳುತ್ತದೆ. ದೇವರಿಗೆ ಹೀಗೆ ಭೂಮಿ ಬಿಟ್ಟ ನಾಡಿನಲ್ಲಿ, ಪತಿಯನ್ನು ಕಳೆದುಕೊಂಡವಳಿಗೆ ಯಾವ ಆಧಾರವಿತ್ತೆಂಬುದನ್ನು ನಾವು ಇಲ್ಲಿ ವಿಚಾರಿಸಬಯಸುತ್ತೇವೆ.

ಊರಳಿವು, ತುರುಗೋಳುಗಳಲ್ಲಿ ಮಡಿದವನ ಮನೆತನಕ್ಕೆ ಕನ್ನಡನಾಡಿನಲ್ಲಿ ನೆತ್ತರುಗೊಡಗೆ ಸಲ್ಲುತ್ತಿದ್ದಿತು. ಅದು ವೀರನ ಸೇವೆಗೆ ಸಂದ ಮನ್ನಣೆ, ಹೆಂಡತಿಯ ಹಕ್ಕಲ್ಲ. ರೋಗದಿಂದ ಸತ್ತ ಒಕ್ಕಲಿನವನ ಹೆಂಡತಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ದಲ್ಲಿ ಪತ್ನಿಯ ಹಕ್ಕನ್ನು ಸ್ಪಷ್ಟವಾಗಿ ನಿರೂಪಿಸಿದನು: ದಾಯಾದಿಗಳಿಂದ ಬೇರೆಯಾಗಿದ್ದು, ಗಂಡುಸಂತಾನವಿಲ್ಲದೆ ಮಡಿದವನ ಧನವು ಮೊದಲು ಪತ್ನಿಗೆ, ಆದರೆ ಆಕೆ ಪತಿವ್ರತೆಯಾಗಿರಬೇಕು. 1856ರ ವಿಧವಾ ಪುನರ್ವಿವಾಹ ಕಾಯಿದೆಯು ಮರುಮದುವೆಗೆ ಸಮ್ಮತಿಯಿತ್ತರೂ, ಹಾಗೆ ಮದುವೆಯಾದವಳ ಕೈಯಿಂದ ಮೊದಲ ಪತಿಯ ಆಸ್ತಿಯನ್ನು ತಪ್ಪಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮಕ್ಕಳೊಡನೆ ವಿಧವೆಗೂ ಪೂರ್ಣ ಒಡೆತನದ ಪಾಲನ್ನು ಕೊಟ್ಟಿತು.

ಆಸ್ತಿಯೇ ಇಲ್ಲದವಳ ಗತಿಯೇನು? ಕರ್ನಾಟಕದಲ್ಲಿ ನಿರ್ಗತಿಕ ವಿಧವಾ ವೇತನವು 1984ರಲ್ಲಿ ಜಾರಿಗೆ ಬಂದಿತು. ಇಲ್ಲಿ ಅರ್ಹತೆ ಪತಿಯ ಶೌರ್ಯವಲ್ಲ, ಆಕೆಯ ಬಡತನ. ಆದರೂ ಮರುಮದುವೆಯಾದರೆ ವೇತನ ನಿಲ್ಲುತ್ತದೆ. ಆಸ್ತಿಯ ಪಾಲಿನಿಂದ ತೊಲಗಿದ ಹಳೆಯ ಕರಾರು ಬಡವೆಯ ವೇತನದಲ್ಲಿ ಉಳಿದುಕೊಂಡಿದೆಯೆಂದು ನಮಗೆ ತೋರುತ್ತದೆ.