ಮೇಸ್ತ್ರಿ ದೈತ್ಯನಿಗೆ ಸಿಗದ ಕೂಲಿ

ದೇವರು-ದೈತ್ಯರ ಕಥೆ ಅಂದ ಕೂಡಲೇ ಮೋಸಗಾರ ದೈತ್ಯನೇ ಎಂದು ನಾವು ಮೊದಲೇ ತೀರ್ಮಾನಿಸಿಬಿಡುತ್ತೇವೆ. ಉತ್ತರ ಯುರೋಪಿನ ನಾರ್ಸ್ ಜನರ ಪುರಾಣದಲ್ಲಿ ಈ ಲೆಕ್ಕ ಕೈಕೊಡುತ್ತದೆ.

ದೇವತೆಗಳ ಊರು ಆಸ್ಗಾರ್ಡ್. ಅದಕ್ಕೆ ಕೋಟೆ ಕಟ್ಟಿಕೊಡುತ್ತೇನೆಂದು ಒಬ್ಬ ಮೇಸ್ತ್ರಿ ಬಂದ. ಒಂದೂವರೆ ವರ್ಷ ಸಮಯ ಕೇಳಿದ. ಕೂಲಿ ಮಾತ್ರ ಸಣ್ಣದಲ್ಲ: ಫ್ರೇಯಾ ದೇವಿಯನ್ನು ಮದುವೆ ಮಾಡಿಕೊಡಬೇಕು, ಜೊತೆಗೆ ಸೂರ್ಯ, ಚಂದ್ರ! ದೇವತೆಗಳು ಚೌಕಾಸಿಗೆ ಇಳಿದರು. ಒಂದೇ ಚಳಿಗಾಲದಲ್ಲಿ ಮುಗಿಸಬೇಕು, ಆಳುಗಳನ್ನು ಇಟ್ಟುಕೊಳ್ಳಬಾರದು, ಬೇಸಿಗೆಯ ಮೊದಲ ದಿನಕ್ಕೆ ಚೂರು ಕೆಲಸ ಉಳಿದರೂ ಕೂಲಿ ಇಲ್ಲ. ಗುತ್ತಿಗೆ ಕೆಲಸ ಮಾಡಿದವರಿಗೆ ಇಂಥ ಷರತ್ತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮೇಸ್ತ್ರಿ ತನ್ನ ಕುದುರೆಯೊಂದನ್ನು ಬಳಸಲು ಅನುಮತಿ ಕೇಳಿದ. ತಂತ್ರಗಾರ ಲೋಕಿಯ ಮಾತು ಕೇಳಿ ದೇವತೆಗಳು ಒಪ್ಪಿದರು. ಸಾಕ್ಷಿಗಳ ಮುಂದೆ ಆಣೆ-ಪ್ರಮಾಣವೂ ಆಯಿತು. ತಾನು ದೈತ್ಯ ಎಂಬುದನ್ನು ಮೇಸ್ತ್ರಿ ಹೇಳಿರಲಿಲ್ಲ, ನಿಜ. ದೈತ್ಯರನ್ನು ಕೊಲ್ಲುವ ಥಾರ್ ಊರಿಗೆ ವಾಪಸ್ ಬಂದರೆ ಗತಿಯೇನು ಎಂಬ ಭಯಕ್ಕೇ ಅವನಿಗೆ ಆ ಆಣೆ ಬೇಕಿತ್ತು.

ಕುದುರೆ ರಾತ್ರಿಯಿಡೀ ಬಂಡೆ ಎಳೆಯಿತು. ಬೇಸಿಗೆಗೆ ಮೂರೇ ದಿನ ಇರುವಾಗ ಗೋಡೆ ಬಾಗಿಲವರೆಗೂ ಬಂದಿತ್ತು. ಹೆದರಿದ ದೇವತೆಗಳು ಲೋಕಿಯ ಮೇಲೆ ಬಿದ್ದರು: ದಾರಿ ಹುಡುಕು, ಇಲ್ಲವೇ ಸಾಯಿ. ಲೋಕಿ ಹೆಣ್ಣು ಕುದುರೆಯಾಗಿ ಬಂದು ಆ ಕುದುರೆಯನ್ನು ಕಾಡಿಗೆ ಸೆಳೆದೊಯ್ದ. ಕೆಲಸ ನಿಂತಿತು. ಸಿಟ್ಟಿಗೆ ಮೇಸ್ತ್ರಿಯ ದೈತ್ಯಗುಣ ಹೊರಬಿತ್ತು. ದೇವತೆಗಳು ಆಣೆ ಮರೆತು ಥಾರ್‌ನನ್ನು ಕರೆದರು. ಅವನು ಕೊಟ್ಟ ಕೂಲಿ ಸುತ್ತಿಗೆಯ ಏಟು, ತಲೆಗೆ. ಲೋಕಿ ಎಂಟು ಕಾಲಿನ ಮರಿ ಹಾಕಿದ. ಅದೇ ಮುಂದೆ ಓಡಿನ್ ದೇವನ ಸವಾರಿ ಕುದುರೆ, ಸ್ಲೇಪ್ನಿರ್.

ಈ ಕಥೆಯನ್ನು 1220ರ ಸುಮಾರಿಗೆ ಬರೆದಿಟ್ಟವನು ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್. ಅಷ್ಟರಲ್ಲಿ ಆ ದ್ವೀಪ ಕ್ರೈಸ್ತ ಧರ್ಮಕ್ಕೆ ಸೇರಿ ಸುಮಾರು 200 ವರ್ಷ ಕಳೆದಿತ್ತು. ಸ್ನೋರಿ ಭಕ್ತನಲ್ಲ, ಅಲ್ಲಿನ ಮಹಾಸಭೆಯಲ್ಲಿ ಕಾನೂನು ಹೇಳುವ ಹುದ್ದೆಯಲ್ಲಿ ಎರಡು ಬಾರಿ ಕೂತವನು. ಕರಾರು, ಸಾಕ್ಷಿ, ಆಣೆಗಳ ವಿವರ ಕಥೆಯಲ್ಲಿ ಇಷ್ಟು ಬಿಗಿಯಾಗಿರುವುದು ಸುಮ್ಮನೆ ಅಲ್ಲ ಎಂದು ನಮಗನಿಸುತ್ತದೆ.

ಎದುರಿನವನು ದೈತ್ಯ ಎಂದು ಖಾತ್ರಿಯಾದ ಮೇಲೆ ದೇವತೆಗಳು ಆಣೆಗೆ ಬೆಲೆ ಕೊಡಲಿಲ್ಲ ಎಂದಷ್ಟೇ ಸ್ನೋರಿ ಬರೆಯುತ್ತಾನೆ. ಆದರೆ ಕಥೆಯ ಕೊನೆಗೆ ‘ವೋಲುಸ್ಪಾ’ ಎಂಬ ಹಳೆಯ ಕಾವ್ಯದ ಪದ್ಯಗಳನ್ನು ಅವನೇ ತಂದು ಜೋಡಿಸಿದ್ದಾನೆ. ಆ ಪದ್ಯಗಳಲ್ಲಿ ಗೋಡೆಯೂ ಇಲ್ಲ, ಕುದುರೆಯೂ ಇಲ್ಲ. ಥಾರ್‌ನ ಸಿಟ್ಟು ಇದೆ, ಮುರಿದುಬಿದ್ದ ಆಣೆಗಳಿವೆ. ಅದೇ ಕಾವ್ಯ ಮುಂದೆ ದೇವತೆಗಳ ನಾಶವನ್ನು ಹೇಳುತ್ತದೆ.