ಟಕ್ ಅನ್ನುವ ಶಟರ್, ಸದ್ದಿಲ್ಲದ ಶಟರ್

ಮೊಬೈಲಿನಲ್ಲಿ ಫೋಟೊ ಹೊಡೆದಾಗ ಕೇಳುವ ‘ಟಕ್’ ಸದ್ದು ನಿಜವಾದದ್ದಲ್ಲ. ಒಳಗೆ ಯಾವ ಬಾಗಿಲೂ ತೆರೆಯುವುದಿಲ್ಲ, ಮುಚ್ಚುವುದೂ ಇಲ್ಲ. ಹಳೆಯ ಕ್ಯಾಮೆರಾಗಳ ನೆನಪಿಗೆ ಕಂಪನಿಯವರು ತುಂಬಿಟ್ಟ ಧ್ವನಿ ಅದು. ಆ ಸದ್ದು ನಿಜವಾಗಿದ್ದ ಕಾಲವೊಂದಿತ್ತು. ಅದಕ್ಕೂ ಮೊದಲು ಸದ್ದೇ ಇಲ್ಲದ ಕಾಲವೂ ಇತ್ತು. ಈಗ ಲಗ್ನದ ಫೋಟೊ ತೆಗೆಯುವವರ ಕೈಗೆ ಬಂದಿರುವ ಮಿರರ್‌ಲೆಸ್ ಕ್ಯಾಮೆರಾಗಳ ಪೈಕಿ ಹೆಚ್ಚಿನವುಗಳಲ್ಲಿ ಎರಡೂ ಇವೆ: ಮೆಕ್ಯಾನಿಕಲ್ ಶಟರ್ ಮತ್ತು ಎಲೆಕ್ಟ್ರಾನಿಕ್ ಶಟರ್. ಮೆನುವಿನಲ್ಲಿ ಯಾವುದನ್ನು ಒತ್ತಬೇಕು ಎಂದು ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು ಕೇಳುತ್ತಾರೆ. ಉತ್ತರ ಹೇಳಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

1839ರಲ್ಲಿ ಫ್ರಾನ್ಸಿನ ಡಾಗೆರ್ ಅವರ ಫೋಟೊ ವಿಧಾನ ಜಗತ್ತಿಗೆ ಗೊತ್ತಾದಾಗ ಶಟರ್ ಎಂಬುದೇ ಬೇಕಿರಲಿಲ್ಲ. ತಗಡಿನ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಲೆನ್ಸಿನ ಮುಚ್ಚಳ ಕೈಯಿಂದ ತೆಗೆಯುವುದು, ಎಣಿಸುವುದು, ಮತ್ತೆ ಮುಚ್ಚುವುದು, ಅಷ್ಟೇ. ಹಳೆಯ ಫೋಟೊಗಳಲ್ಲಿ ಜನ ಬಿಗಿದುಕೊಂಡು ಕುಳಿತಿರುವುದಕ್ಕೆ ಇದೂ ಒಂದು ಕಾರಣ. ಅಲುಗಾಡಿದವರು ಮಂಜಾಗಿ ಹೋಗುತ್ತಿದ್ದರು.

ಕುದುರೆ ಮಾತ್ರ ಹಾಗೆ ನಿಲ್ಲುವುದಿಲ್ಲವಲ್ಲ. ಓಡುವ ಕುದುರೆಯ ನಾಲ್ಕೂ ಗೊರಸು ಒಮ್ಮೆಯಾದರೂ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1878ರ ಜೂನ್‌ನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೊಗ್ರಾಫರ್ ಓಟದ ದಾರಿಯ ಪಕ್ಕ 12 ಕ್ಯಾಮೆರಾ ಸಾಲಾಗಿ ಇಟ್ಟರು. ದಾರಿಗೆ ಅಡ್ಡ ದಾರ ಕಟ್ಟಿದರು. ಕುದುರೆ ದಾರ ಹರಿದುಕೊಂಡು ಹೋದಂತೆ ಒಂದೊಂದೇ ಶಟರ್ ಬಿತ್ತು. ನಾಲ್ಕೂ ಗೊರಸು ನೆಲ ಬಿಡುವುದು ನಿಜ ಎಂದು ತಿಳಿಯಿತು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ಕಣ್ಣು ಕಾಣದ್ದನ್ನು ಶಟರ್ ಕಂಡಿತ್ತು. ಜನ ಫೋಟೊವನ್ನು ಸಾಕ್ಷಿ ಎಂದು ನಂಬಲು ಇಂಥ ಚಿತ್ರಗಳೂ ಕಾರಣ.

ಆಮೇಲೆ ವೇಗ ಇನ್ನೂ ಹೆಚ್ಚಬೇಕಾಯಿತು. ಫಿಲ್ಮಿನ ಎದುರೇ ಎರಡು ಪರದೆ ಇಟ್ಟು, ನಡುವಿನ ಸಣ್ಣ ಸೀಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡುವಂತೆ ಮಾಡಿದರು. ಇದನ್ನು ಕಬ್ಬಿನ ಗದ್ದೆಗೆ ನೀರು ಬಿಟ್ಟಂತೆ ತಿಳಿಯಿರಿ. ಒಂದು ಸಾಲಿಗೆ ಬಿಟ್ಟು, ಕಟ್ಟಿ, ಮುಂದಿನ ಸಾಲಿಗೆ ಹೋಗುತ್ತೇವೆ. ಪ್ರತಿ ಸಾಲಿಗೆ ನೀರು ಹರಿಯುವುದು ಸ್ವಲ್ಪ ಹೊತ್ತು, ಇಡೀ ಗದ್ದೆ ಮುಗಿಯಲು ಬಹಳ ಹೊತ್ತು. ಕ್ಯಾಮೆರಾದಲ್ಲೂ ಹಾಗೆಯೇ. ಡಬ್ಬಿಯ ಮೇಲೆ ಸೆಕೆಂಡಿನ 1/1000 ಎಂದಿದ್ದರೂ, ಚಿತ್ರದ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಅದಕ್ಕಿಂತ ಹೆಚ್ಚು ಹೊತ್ತು ಕಳೆದಿರುತ್ತದೆ. 1910ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತು ತುಂಬದ ಲಾರ್ತಿಗ್ ಎಂಬ ಫ್ರೆಂಚ್ ಹುಡುಗ ತೆಗೆದ ಮೋಟಾರು ರೇಸಿನ ಫೋಟೊ ಇದಕ್ಕೆ ಹೆಸರಾದ ಉದಾಹರಣೆ. ಅದರಲ್ಲಿ ಕಾರಿನ ಗಾಲಿ ಮೊಟ್ಟೆಯಂತೆ ಮುಂದಕ್ಕೆ ವಾಲಿದೆ, ದಂಡೆಯ ಜನ ಹಿಂದಕ್ಕೆ ವಾಲಿದ್ದಾರೆ. ಗಾಲಿ ಗುಂಡಗೇ ಇತ್ತು, ಜನ ನೆಟ್ಟಗೇ ನಿಂತಿದ್ದರು.

ನಮ್ಮ ಕಡೆ ಸ್ಟುಡಿಯೋದವರಿಗೆ ಈ ತೊಂದರೆ ಇರಲಿಲ್ಲ ಎಂಬುದು ಮಜಾದ ಸಂಗತಿ. ಲಗ್ನಗಳಲ್ಲಿ ಎದೆಗೆ ಹಿಡಿದು ಮೇಲಿನಿಂದ ಬಗ್ಗಿ ನೋಡುತ್ತಿದ್ದ ಎರಡು ಕಣ್ಣಿನ ಯಾಶಿಕಾ ಪೆಟ್ಟಿಗೆ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಅದರ ಶಟರ್ ಇದ್ದದ್ದು ಲೆನ್ಸಿನೊಳಗೆ. ಸಣ್ಣ ಎಲೆಗಳು ನಡುವಿನಿಂದ ತೆರೆದು ಮುಚ್ಚುತ್ತಿದ್ದವು. ಹಾಗಾಗಿ ಇಡೀ ಚಿತ್ರಕ್ಕೆ ಒಮ್ಮೆಗೇ ಬೆಳಕು. ಗಾಲಿ ವಾಲುತ್ತಿರಲಿಲ್ಲ, ಫ್ಲ್ಯಾಶ್ ಯಾವ ವೇಗದಲ್ಲಿ ಇಟ್ಟರೂ ಕೆಲಸ ಮಾಡುತ್ತಿತ್ತು. ಒಂದು ರೋಲಿಗೆ 12 ಫೋಟೊ ಮಾತ್ರ, ಅದು ಬೇರೆ ಮಾತು.

ಪರದೆಯ ಶಟರ್ ಕೂಡ ನಿಧಾನವಾಗಿ ಸುಧಾರಿಸಿತು. 1925ರ ಲೈಕಾದಲ್ಲಿ ಬಟ್ಟೆಯ ಪರದೆ ಅಡ್ಡಡ್ಡ ಓಡುತ್ತಿತ್ತು. 1960ರ ದಶಕದಲ್ಲಿ ಮೇಲಿನಿಂದ ಕೆಳಕ್ಕೆ ಓಡುವ ಲೋಹದ ಪಟ್ಟಿಗಳು ಬಂದವು. 1982ರ ನಿಕಾನ್ ಎಫ್‌ಎಂ2 ಸೆಕೆಂಡಿನ 1/4000 ತಲುಪಿತು. ಇವತ್ತಿನ ಒಳ್ಳೆಯ ಮೆಕ್ಯಾನಿಕಲ್ ಶಟರ್ ಚಿತ್ರದ ಒಂದು ಅಂಚಿನಿಂದ ಇನ್ನೊಂದಕ್ಕೆ ಸುಮಾರು 1/250 ಸೆಕೆಂಡಿನಲ್ಲಿ ಓಡಿ ಮುಗಿಸುತ್ತದೆ. ವಾಲುವ ರೋಗ ವಾಸಿಯಾಯಿತು ಎಂದೇ ಎಲ್ಲರೂ ತಿಳಿದರು.

ಎಲೆಕ್ಟ್ರಾನಿಕ್ ಶಟರ್ ಆ ರೋಗವನ್ನು ವಾಪಸ್ ತಂದಿತು. ಇದರಲ್ಲಿ ಪರದೆಯೇ ಇಲ್ಲ. ಸೆನ್ಸರ್ ತನ್ನ ಮೇಲೆ ಬಿದ್ದ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಸಾಧಾರಣ ಬೆಲೆಯ ಕ್ಯಾಮೆರಾಗಳಲ್ಲಿ ಈ ಓದು ಮುಗಿಯಲು 1/15ರಿಂದ 1/60 ಸೆಕೆಂಡು ಬೇಕು. ಮೆನುವಿನಲ್ಲಿ 1/16000 ಅಂತ ತೋರಿಸಿದರೂ ಗದ್ದೆ ಮುಗಿಯುವ ಹೊತ್ತು ಬದಲಾಗುವುದಿಲ್ಲ. ನಿಮ್ಮ ಜೇಬಿನ ಮೊಬೈಲಿನ ಕತೆಯೂ ಇದೇ.

ಕೊಕಟನೂರ, ರಾಯಬಾಗ, ಚಿಕ್ಕೋಡಿ ಸೀಮೆಯಲ್ಲಿ ಇದು ಬರೀ ಫೋಟೊದವರ ಚಿಂತೆ ಅಲ್ಲ, ಏಕೆಂದರೆ ಇದು ಚಕ್ಕಡಿ ಶರ್ಯತ್ತಿನ ಸೀಮೆ. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಓಟಗಳನ್ನು ನಿಲ್ಲಿಸಿತು. ಆಮೇಲೆ ಕರ್ನಾಟಕ ತಂದ ತಿದ್ದುಪಡಿ ಕಾಯ್ದೆಯನ್ನು 2023ರ ಮೇ 18ರಂದು ಅದೇ ಕೋರ್ಟ್ ಎತ್ತಿಹಿಡಿಯಿತು. ನಡುವಿನ ವರ್ಷಗಳಲ್ಲಿ ಎಲ್ಲರ ಕೈಗೂ ಕ್ಯಾಮೆರಾ ಇರುವ ಮೊಬೈಲ್ ಬಂತು. ಗೆರೆ ಮೊದಲು ದಾಟಿದ್ದು ಯಾರ ಜೋಡಿ ಎಂಬ ತಕರಾರು ಎದ್ದರೆ ಈಗ ಮೊದಲು ಹೊರಬರುವುದು ಅದೇ.

ಲೆಕ್ಕ ಹಾಕಿ ನೋಡೋಣ. ಎತ್ತುಗಳು ಸೆಕೆಂಡಿಗೆ 10 ಮೀಟರ್ ಓಡುತ್ತಿವೆ ಎಂದುಕೊಳ್ಳಿ. ಮೊಬೈಲ್ ಅಡ್ಡ ಹಿಡಿದಿದ್ದೀರಿ. ಅದು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ 1/30 ಸೆಕೆಂಡಿನಲ್ಲಿ ಓದುತ್ತದೆ. ಅಷ್ಟರಲ್ಲಿ ಎತ್ತು 33 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆಚೆ ದಂಡೆಯ ಜೋಡಿ ಚಿತ್ರದಲ್ಲಿ ಮೇಲೆ ಕಾಣುತ್ತದೆ, ಅದನ್ನು ಮೊದಲು ಓದಿರುತ್ತದೆ. ನಿಮ್ಮ ಹತ್ತಿರದ ಜೋಡಿ ಕೆಳಗೆ, ಅದನ್ನು ಆಮೇಲೆ ಓದಿರುತ್ತದೆ. ಎರಡರ ನಡುವೆ ಅರ್ಧ ಚಿತ್ರದಷ್ಟು ಅಂತರವಿದ್ದರೆ, ಹತ್ತಿರದ ಜೋಡಿಗೆ ಪುಕ್ಕಟೆ 16 ಸೆಂಟಿಮೀಟರ್ ಸಿಕ್ಕಿತು. ಮುಕ್ಕಾಲು ಗೇಣು! ಮೂತಿಯಷ್ಟು ಅಂತರದಲ್ಲಿ ಗೆಲುವು ನಿಂತಾಗ ಇದು ಸಣ್ಣದಲ್ಲ. ಮೊಬೈಲ್ ತಲೆಕೆಳಗೆ ಹಿಡಿದವನ ಫೋಟೊದಲ್ಲಿ ಲಾಭ ಆಚೆಯವನಿಗೆ. ಅದೇ ಜಾಗದಲ್ಲಿ 1/250ರಲ್ಲಿ ಓಡುವ ಮೆಕ್ಯಾನಿಕಲ್ ಶಟರ್ ಇದ್ದರೆ ತಪ್ಪು 2 ಸೆಂಟಿಮೀಟರಿಗೆ ಇಳಿಯುತ್ತದೆ. ಒಂದೇ ಮೊಬೈಲ್ ಫೋಟೊ ನೋಡಿ ಬಹುಮಾನ ಹಂಚುವುದು ನಮಗೆ ಸರಿ ಕಾಣುವುದಿಲ್ಲ. ಕುದುರೆ ರೇಸಿನವರು 1930ರ ದಶಕದ ಕೊನೆಯಲ್ಲೇ ಬೇರೆ ದಾರಿ ಹಿಡಿದರು. ಸೀಳನ್ನು ಗೆರೆಯ ನೇರಕ್ಕೆ ನಿಲ್ಲಿಸಿ, ಅದರ ಹಿಂದೆ ಫಿಲ್ಮ್ ಓಡಿಸಿದರು. ಗೆರೆ ಮುಟ್ಟಿದವರು ಮುಟ್ಟಿದ ಕ್ರಮದಲ್ಲೇ ಮೂಡಿದರು.

ಲಗ್ನದ ಹಂದರದಲ್ಲಿ ಓಡುವುದು ಎತ್ತಲ್ಲ, ಬೆಳಕು. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಬೆಳಗಿ ಮಂಕಾಗುತ್ತದೆ. ಎಲೆಕ್ಟ್ರಾನಿಕ್ ಶಟರ್ 1/15 ಸೆಕೆಂಡು ಓದುವಷ್ಟರಲ್ಲಿ ಆರೇಳು ಸಲ ಮಂಕಾಯಿತು. ಫೋಟೊದ ಮೇಲೆ ಅಷ್ಟೇ ಕಪ್ಪು ಪಟ್ಟಿ. ಅಕ್ಕಿಕಾಳು ಬೀಳುವ ಹೊತ್ತು ಮತ್ತೆ ಬರುವುದಿಲ್ಲ, ಹುಡುಗಿಯ ಮುಖದ ಮೇಲಿನ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಅಳಿಸುವುದೂ ಸುಲಭವಲ್ಲ. ಅಲ್ಲಿ ಮೆಕ್ಯಾನಿಕಲ್ ಇಟ್ಟು ವೇಗ 1/100 ಅಥವಾ 1/50 ಮಾಡಿಕೊಳ್ಳಿ. ಆಗ ಪ್ರತಿ ಸಾಲಿಗೂ ಒಂದು ಪೂರ್ತಿ ಬೆಳಗು ಸಿಗುತ್ತದೆ. ಫ್ಲ್ಯಾಶ್ ಹೊಡೆಯುವವರಿಗಂತೂ ಬೇರೆ ದಾರಿಯಿಲ್ಲ, ಎಲೆಕ್ಟ್ರಾನಿಕ್‌ನಲ್ಲಿ ಹೆಚ್ಚಿನ ಕ್ಯಾಮೆರಾಗಳು ಫ್ಲ್ಯಾಶನ್ನೇ ಬಿಡುವುದಿಲ್ಲ.

ಹಾಗಂತ ಎಲೆಕ್ಟ್ರಾನಿಕ್ ಬರೀ ಕೆಟ್ಟದ್ದಲ್ಲ. ಮೆಕ್ಯಾನಿಕಲ್ ಶಟರ್ ಸವೆಯುತ್ತದೆ. ಕಂಪನಿಗಳು ಸಾಮಾನ್ಯವಾಗಿ ಹೇಳುವ ಆಯುಷ್ಯ 1ರಿಂದ 2 ಲಕ್ಷ ಫೋಟೊ. ಒಂದು ಲಗ್ನಕ್ಕೆ 2000 ಹೊಡೆದರೆ 100 ಲಗ್ನಕ್ಕೆ 2 ಲಕ್ಷ ಆಯಿತು. ನಿಂತ ಗುಡಿ, ಕುಳಿತ ಹಿರಿಯರು, ಹಗಲು ಬೆಳಕಿನ ಹೊಲ, ಇವಕ್ಕೆಲ್ಲ ಎಲೆಕ್ಟ್ರಾನಿಕ್ ಇಟ್ಟರೆ ಆ ಲೆಕ್ಕ ಉಳಿಯುತ್ತದೆ. ದುಡ್ಡಿದ್ದವರಿಗೆ ಬೇರೆ ದಾರಿಯೂ ಇದೆ. 2021ರ ನಿಕಾನ್ ಜೆಡ್9 ಎಷ್ಟು ಬೇಗ ಓದುತ್ತದೆಂದರೆ ಅದರಲ್ಲಿ ಮೆಕ್ಯಾನಿಕಲ್ ಶಟರನ್ನೇ ಇಟ್ಟಿಲ್ಲ. 2023ರ ನವೆಂಬರಿನಲ್ಲಿ ಸೋನಿ ಘೋಷಿಸಿದ ಎ9-3 ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುತ್ತದೆ, ನಮ್ಮ ಹಳೆಯ ಯಾಶಿಕಾದ ಹಾಗೆ. ಆದರೆ ಬೆಲೆ ಲಕ್ಷಗಳಲ್ಲಿ.

ಇನ್ನು ಸದ್ದಿನ ಮಾತು. ಸದ್ದಿಲ್ಲದ ಶಟರ್ ಹಕ್ಕಿಯ ಗೂಡಿನ ಹತ್ತಿರ, ಸಾವಿನ ಮನೆಯಲ್ಲಿ ಮರ್ಯಾದೆಯ ವಸ್ತು. ಆದರೆ ಕೊಕಟನೂರ ಯಲ್ಲಮ್ಮನ ಜಾತ್ರೆಯ ಗದ್ದಲದಲ್ಲಿ ಒಬ್ಬ ಹೆಣ್ಣುಮಗಳು ಹರಕೆ ತೀರಿಸುತ್ತಿರುವಾಗ, ತನ್ನ ಫೋಟೊ ಹೋಯಿತು ಎಂದು ಅವಳಿಗೆ ತಿಳಿಯುವ ಒಂದೇ ಸುಳಿವು ಆ ಟಕ್. ಜಪಾನಿನಲ್ಲಿ ಮಾರುವ ಮೊಬೈಲುಗಳಿಗೆ ಕದ್ದು ಫೋಟೊ ತೆಗೆಯುವುದನ್ನು ತಡೆಯಲೆಂದೇ ಬಂದ್ ಮಾಡಲಾಗದ ಸದ್ದು ಇಟ್ಟಿದ್ದಾರೆ. ಜಾತ್ರೆಗೆ ಹೋದಾಗ ನಾವು ಮೆಕ್ಯಾನಿಕಲ್‌ನಲ್ಲೇ ತೆಗೆಯುತ್ತೇವೆ. ಸದ್ದು ಕೇಳಿ ಯಾರಾದರೂ ತಿರುಗಿ ನೋಡಿದರೆ, ಕ್ಯಾಮೆರಾ ಇಳಿಸಿ ಮೊದಲು ಅವರನ್ನು ಕೇಳುತ್ತೇವೆ.